ಶುಭ ಶುಕ್ರವಾರದ ವಾಚನದಲ್ಲಿ ಬರುವ ‘ಯೆಹೂದ್ಯರು’ ಎಂದರೆ ಯಾರು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮ ಧರ್ಮಕೇಂದ್ರದಲ್ಲಿ ಭಾನುವಾರದ ಧರ್ಮೋಪದೇಶ ತರಗತಿ ನಡೆಸುವವರಲ್ಲಿ ನಾನೂ ಒಬ್ಬಳು. ಈ ವರ್ಷದ ಶುಭ ಶುಕ್ರವಾರದಂದು ಎಂದಿನಂತೆ ಯೋಹಾನನ ಪ್ರಕಾರ ಯೇಸುಸ್ವಾಮಿಯ ಯಾತನೆಯ ವೃತ್ತಾಂತವನ್ನು ಮೂವರು ಪಾತ್ರ ಹಂಚಿಕೊಂಡು ಓದಿದರು. ಜನಸಮೂಹದ ಮಾತು ಬಂದ ಕಡೆಯಲ್ಲೆಲ್ಲ ನೆರೆದಿದ್ದ ನಾವೆಲ್ಲರೂ ಒಟ್ಟಾಗಿ, "ಅವನನ್ನು ಶಿಲುಬೆಗೆ ಏರಿಸಿ" ಎಂದು ಗಟ್ಟಿಯಾಗಿ ಹೇಳಿದೆವು. ಮುಂದಿನ ತರಗತಿಯಲ್ಲಿ ಹತ್ತು ವರ್ಷದ ಹುಡುಗನೊಬ್ಬ ಎದ್ದು ನಿಂತು, "ಟೀಚರ್, ಈ ಯೆಹೂದ್ಯರು ಅಷ್ಟೊಂದು ಕೆಟ್ಟವರಾ? ಈಗಲೂ ಇದ್ದಾರಾ?" ಎಂದು ಕೇಳಿದ. ಯೇಸುವೂ ಯೆಹೂದ್ಯರೇ, ಮಾತೆ ಮರಿಯಳೂ ಯೆಹೂದ್ಯಳೇ, ಹನ್ನೆರಡು ಮಂದಿ ಶಿಷ್ಯರೂ ಯೆಹೂದ್ಯರೇ ಎಂದು ನಾನು ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಹೀಗೆ ಯಾಕೆ ಬರೆದಿದ್ದಾರೆ?" ಎಂದ. ನನ್ನಲ್ಲಿ ಉತ್ತರವಿರಲಿಲ್ಲ.

ಯೂರೋಪಿನಲ್ಲಿ ಯೆಹೂದ್ಯರಿಗಾದ ಗತಿ ನಮಗೆಲ್ಲ ತಿಳಿದೇ ಇದೆ. ಆ ದ್ವೇಷಕ್ಕೂ ನಾನು ಪ್ರತಿವರ್ಷ ಭಕ್ತಿಯಿಂದ ಓದುವ ಈ ಪುಟಗಳಿಗೂ ಎಷ್ಟರ ಮಟ್ಟಿಗೆ ಸಂಬಂಧವಿದೆ ಎಂಬುದನ್ನು ಬಲ್ಲವರು ತಿಳಿಸಬೇಕು. ನನ್ನ ನಂಬಿಕೆಗೆ ನೋವಾದೀತೆಂದು ದಯವಿಟ್ಟು ಯಾರೂ ಏನನ್ನೂ ಮುಚ್ಚಿಡಬೇಡಿ.

ಮೊದಲನೆಯ ಉತ್ತರ

ಮೇಡಂ, ಆ ಹುಡುಗನ ಎರಡನೆಯ ಪ್ರಶ್ನೆಯನ್ನು ದೊಡ್ಡ ದೊಡ್ಡ ವಿದ್ವಾಂಸರೂ ಕೇಳಿಕೊಂಡಿದ್ದಾರೆ. ಹೊಸ ಒಡಂಬಡಿಕೆಯ ಗ್ರೀಕ್ ಪಾಠವನ್ನು ಕೆಲವು ವರ್ಷ ಬೋಧಿಸಿದವನಾಗಿ ನನಗೆ ತಿಳಿದಷ್ಟನ್ನು ಬರೆಯುತ್ತೇನೆ.

ಯೋಹಾನನು ಬಳಸುವ ಗ್ರೀಕ್ ಪದ ‘ಯೂದಾಯೋಯ್’. ಯೆಹೂದ್ಯರು ಎಂಬ ಅರ್ಥವೂ ಅದಕ್ಕಿದೆ, ಯೂದಾಯ ಸೀಮೆಯವರು ಎಂಬ ಅರ್ಥವೂ ಇದೆ. ಮತ್ತಾಯ, ಮಾರ್ಕ, ಲೂಕರ ಸುವಾರ್ತೆಗಳಲ್ಲಿ ತಲಾ ಐದಾರು ಬಾರಿ, ಅದೂ ಹೆಚ್ಚಾಗಿ ‘ಯೆಹೂದ್ಯರ ಅರಸ’ ಎಂಬ ಮಾತಿನಲ್ಲಿ ಮಾತ್ರ ಕಾಣಿಸುವ ಈ ಪದ ಯೋಹಾನನ ಸುವಾರ್ತೆಯಲ್ಲಿ ಸುಮಾರು 70 ಬಾರಿ ಬರುತ್ತದೆ. ಎಲ್ಲ ಕಡೆಯೂ ಅದಕ್ಕೆ ಒಂದೇ ಅರ್ಥವಿಲ್ಲ. ಒಂಬತ್ತನೆಯ ಅಧ್ಯಾಯವನ್ನು ತೆಗೆದು ನೋಡಿ. ಹುಟ್ಟುಕುರುಡನೊಬ್ಬನಿಗೆ ದೃಷ್ಟಿ ಬಂದಿದೆ. ವಿಚಾರಣೆಗೆ ಅವನ ತಂದೆತಾಯಿಯರನ್ನು ಕರೆಸಿದ್ದಾರೆ. ಅವರು, ಅವನಿಗೆ ವಯಸ್ಸಾಗಿದೆ, ಅವನನ್ನೇ ಕೇಳಿ ಎಂದು ನುಣುಚಿಕೊಳ್ಳುತ್ತಾರೆ. ‘ಯೆಹೂದ್ಯರಿಗೆ’ ಹೆದರಿ ಹಾಗೆ ಹೇಳಿದರು ಎಂದು ಯೋಹಾನನು ಬರೆಯುತ್ತಾನೆ. ಆದರೆ ಆ ತಂದೆತಾಯಿಯರೇ ಯೆಹೂದ್ಯರು! ತಮ್ಮನ್ನು ಸಭಾಮಂದಿರದಿಂದ, ಅಂದರೆ ಯೆಹೂದಿ ಪ್ರಾರ್ಥನಾಲಯದಿಂದ, ಹೊರಹಾಕಬಲ್ಲ ಅಧಿಕಾರವುಳ್ಳ ಕೆಲವರಿಗೆ ಅವರು ಹೆದರಿದ್ದರೇ ಹೊರತು, ತಾವೇ ಸೇರಿದ ಒಂದಿಡೀ ಜನಾಂಗಕ್ಕೆ ಹೆದರಿರಲು ಸಾಧ್ಯವಿಲ್ಲ. ಇದೇ ಸುವಾರ್ತೆಯ ನಾಲ್ಕನೆಯ ಅಧ್ಯಾಯದಲ್ಲಿ, ರಕ್ಷಣೆಯು ಬರುವುದು ಯೆಹೂದ್ಯರಿಂದಲೇ ಎಂದು ಯೇಸು ಸಮಾರ್ಯದ ಹೆಂಗಸಿಗೆ ಹೇಳುತ್ತಾರೆ. ಹೀಗೆ ಒಂದು ಪದದೊಳಗೆ ಸೇರಿಕೊಂಡಿದ್ದ ಮೂರು ನಾಲ್ಕು ಅರ್ಥಗಳು, ಬೇರೆ ಭಾಷೆಗಳಿಗೆ ಇಳಿಯುವಾಗ ಒಂದೇ ಅರ್ಥವಾಗಿ ಗಟ್ಟಿಯಾಗಿಬಿಟ್ಟವು.

ಎರಡನೆಯ ಕಷ್ಟದ ಜಾಗ ಮತ್ತಾಯನ 27ನೆಯ ಅಧ್ಯಾಯ. ಪಿಲಾತನು ಕೈ ತೊಳೆದುಕೊಳ್ಳುತ್ತಾನೆ. ಇವನ ರಕ್ತ ನಮ್ಮ ಮೇಲೂ ನಮ್ಮ ಮಕ್ಕಳ ಮೇಲೂ ಇರಲಿ ಎಂದು ಜನರೆಲ್ಲರೂ ಕೂಗುತ್ತಾರೆ. ನಾಲ್ಕು ಸುವಾರ್ತೆಗಳಲ್ಲಿ ಮತ್ತಾಯನೊಬ್ಬನೇ ಬರೆದಿರುವ ಈ ವಾಕ್ಯದಷ್ಟು ರಕ್ತಕ್ಕೆ ಕಾರಣವಾದ ವಾಕ್ಯ ಹೊಸ ಒಡಂಬಡಿಕೆಯಲ್ಲಿ ಮತ್ತೊಂದಿಲ್ಲ ಎಂದೇ ನನ್ನ ಅಭಿಪ್ರಾಯ. ಇದು ಬರೆಯಲ್ಪಟ್ಟದ್ದು ಸುಮಾರು ಕ್ರಿ.ಶ. 80ರಿಂದ 90ರ ಹೊತ್ತಿಗೆ ಎಂದು ಹೆಚ್ಚಿನ ವಿದ್ವಾಂಸರು ಎಣಿಸುತ್ತಾರೆ. ಕ್ರಿ.ಶ. 70ರಲ್ಲಿ ರೋಮನ್ ಸೇನೆ ಯೆರೂಸಲೇಮಿನ ದೇವಾಲಯವನ್ನು ಸುಟ್ಟುಹಾಕಿತ್ತು. ಯೇಸುವಿನ ಮರಣದ ಕಾಲದವರ ಮಕ್ಕಳೇ ಆ ಬೆಂಕಿಯನ್ನು ಕಂಡವರು. ಇಂಥ ವಿನಾಶ ನಮಗೇಕೆ ಬಂತು ಎಂದು ಕೊರಗುತ್ತಿದ್ದ ಯೆಹೂದಿ ಸಮುದಾಯದೊಳಗಿನ ಒಂದು ಗುಂಪು ಕಂಡುಕೊಂಡ ಉತ್ತರವನ್ನು ಮತ್ತಾಯನು ಜನಸಮೂಹದ ಬಾಯಲ್ಲಿ ಇಟ್ಟಿದ್ದಾನೆ ಎಂದು ಹಲವರು ವ್ಯಾಖ್ಯಾನಿಸುತ್ತಾರೆ. ಆ ಲೆಕ್ಕದಲ್ಲಿ ‘ನಮ್ಮ ಮಕ್ಕಳು’ ಎಂದರೆ ಒಂದು ತಲೆಮಾರು ಮಾತ್ರ. ತಂದೆಯ ಪಾಪದ ಹೊರೆಯನ್ನು ಮಗನು ಹೊರಬೇಕಾಗಿಲ್ಲ ಎಂದು ಯೆಹೆಜ್ಕೇಲನ 18ನೆಯ ಅಧ್ಯಾಯವೂ ಸ್ಪಷ್ಟವಾಗಿ ಹೇಳುತ್ತದೆ. ಮುಂದಿನ ಎಲ್ಲ ತಲೆಮಾರುಗಳಿಗೂ ಶಾಪವನ್ನು ವಿಸ್ತರಿಸಿದವರು ನಂತರ ಬಂದವರು.

ಶಿಲುಬೆಯ ಮರಣವು ರೋಮನ್ ಶಿಕ್ಷೆ, ಅದಕ್ಕೆ ಆಜ್ಞೆ ಮಾಡಿದವನು ಕ್ರಿ.ಶ. 26ರಿಂದ 36ರವರೆಗೆ ಯೂದಾಯವನ್ನು ಆಳಿದ ರೋಮನ್ ಅಧಿಪತಿ ಪಿಲಾತ. ಸುವಾರ್ತೆಗಳಲ್ಲಿ ಅವನು ಹಿಂಜರಿಯುವ, ದುರ್ಬಲ ಮನಸ್ಸಿನ ಮನುಷ್ಯನಂತೆ ಕಾಣುತ್ತಾನೆ. ಆದರೆ ಇತಿಹಾಸಕಾರ ಜೋಸೆಫಸ್ ತೋರಿಸುವ ಪಿಲಾತನು ದೇವಾಲಯದ ಹಣವನ್ನು ನೀರಿನ ಕಾಲುವೆಗೆ ಬಳಸಿ, ಪ್ರತಿಭಟಿಸಲು ಬಂದವರ ನಡುವೆ ವೇಷ ಮರೆಸಿದ ಸೈನಿಕರನ್ನು ಬಿಟ್ಟು ಹೊಡೆಸಿದವನು. ರೋಮಿನ ಆಳ್ವಿಕೆಯಲ್ಲೇ ಬದುಕಬೇಕಾಗಿದ್ದ ಮೊದಲ ಕ್ರೈಸ್ತರಿಗೆ ರೋಮನ್ನರ ತಪ್ಪನ್ನು ಎತ್ತಿ ಆಡುವ ಸ್ವಾತಂತ್ರ್ಯ ಎಷ್ಟಿತ್ತು ಎಂಬುದನ್ನು ತಾವೇ ಊಹಿಸಬಹುದು.

ಇಷ್ಟು ಹೇಳಿದ ಮೇಲೂ ಎಲ್ಲವೂ ಅನುವಾದದ ದೋಷ ಎಂದು ನಾನು ಹೇಳಲಾರೆ. ಯೋಹಾನನ ಎಂಟನೆಯ ಅಧ್ಯಾಯದಲ್ಲಿ, ಸೈತಾನನೇ ನಿಮ್ಮ ತಂದೆ ಎಂಬ ಅರ್ಥದ ಮಾತಿದೆ. ಅದನ್ನು ಹೇಗೆ ಅನುವಾದಿಸಿದರೂ ಅದರ ಕಾಠಿಣ್ಯ ಹೋಗುವುದಿಲ್ಲ. ಯೆಹೂದಿ ಪ್ರವಾದಿಗಳು ಸ್ವಂತ ಜನರನ್ನು ಇದಕ್ಕಿಂತ ಕಡಿಮೆಯಾಗಿ ಬೈದವರಲ್ಲ. ಯೆಶಾಯನು ಯೆರೂಸಲೇಮಿನ ಅಧಿಪತಿಗಳನ್ನು ಸೊದೋಮಿನ ಅಧಿಪತಿಗಳೇ ಎಂದು ಕರೆದಿದ್ದಾನೆ. ಅದು ಮನೆಯೊಳಗಿನ ಜಗಳ. ಒಡಹುಟ್ಟಿದವರು ಒಬ್ಬರನ್ನೊಬ್ಬರು ಬೈದುಕೊಂಡ ಮಾತನ್ನು ಬೀದಿಯವರು ಎತ್ತಿಕೊಂಡು ಅದೇ ಮನೆಯ ಮೇಲೆ ಕಲ್ಲು ತೂರಲು ಬಳಸಿದರೆ ಏನಾಗುತ್ತದೋ ಇಲ್ಲಿಯೂ ಅದೇ ಆಯಿತು. ಕ್ರೈಸ್ತ ಸಭೆಯಲ್ಲಿ ಯೆಹೂದ್ಯೇತರರೇ ಹೆಚ್ಚಾದ ಮೇಲೆ ಓದುವವರ ಬಾಯಲ್ಲಿ ‘ನಾವು’ ಇದ್ದದ್ದು ‘ಅವರು’ ಆಯಿತು. ಆ ಅಪಾಯವನ್ನು ಪೌಲನು ಮೊದಲೇ ಕಂಡಿದ್ದ. ರೋಮಾಪುರದವರಿಗೆ ಬರೆದ ಪತ್ರದ 11ನೆಯ ಅಧ್ಯಾಯದಲ್ಲಿ ಅವನು ಯೆಹೂದ್ಯೇತರ ಕ್ರೈಸ್ತರನ್ನು ಊರೆಣ್ಣೆಮರಕ್ಕೆ (ಆಲಿವ್ ಮರಕ್ಕೆ) ಕಸಿ ಕಟ್ಟಿದ ಕಾಡುಕೊಂಬೆಗೆ ಹೋಲಿಸಿ, ನೀನು ಬೇರನ್ನು ಹೊತ್ತಿಲ್ಲ, ಬೇರು ನಿನ್ನನ್ನು ಹೊತ್ತಿದೆ ಎಂದು ಎಚ್ಚರಿಸುತ್ತಾನೆ.

ಎರಡನೆಯ ಉತ್ತರ

ಮೇಲಿನ ಉತ್ತರ ನಿಂತ ಕಡೆಯಿಂದ ಮುಂದುವರಿಸುತ್ತೇನೆ. ನಾನು ಯೂರೋಪಿನ ಮಧ್ಯಯುಗದ ಇತಿಹಾಸವನ್ನು ಓದಿಕೊಂಡವನು.

ಯೆಹೂದ್ಯರು ದೇವರನ್ನೇ ಕೊಂದರು ಎಂಬ ಆಪಾದನೆ ನೇರವಾದ ಮಾತುಗಳಲ್ಲಿ ಮೊದಲು ಕಾಣಿಸುವುದು ಎರಡನೆಯ ಶತಮಾನದಲ್ಲಿ, ಸಾರ್ಡಿಸ್ ನಗರದ ಬಿಷಪ್ ಮೆಲಿಟೋ ಪಸ್ಕಹಬ್ಬದ ಬಗ್ಗೆ ಮಾಡಿದ ಪ್ರವಚನದಲ್ಲಿ. ಆಗ ಕ್ರೈಸ್ತರ ಕೈಯಲ್ಲಿ ಅಧಿಕಾರವಿರಲಿಲ್ಲ. ನಾಲ್ಕನೆಯ ಶತಮಾನದಲ್ಲಿ ಸಾಮ್ರಾಜ್ಯವೇ ಕ್ರೈಸ್ತವಾದಾಗ ಹಳೆಯ ಮಾತಿಗೆ ಹೊಸ ಹಲ್ಲು ಬಂತು. 386 ಮತ್ತು 387ರಲ್ಲಿ ಅಂತಿಯೋಕ್ಯದಲ್ಲಿ ಜಾನ್ ಕ್ರಿಸೊಸ್ಟಮ್ ಎಂಬ ಹೆಸರಾಂತ ವಾಗ್ಮಿ ಈ ವಿಷಯದ ಮೇಲೆ ಎಂಟು ಪ್ರವಚನಗಳನ್ನು ಕೊಟ್ಟನು. ಸಭಾಮಂದಿರವನ್ನು ಸೂಳೆಗೇರಿಗೂ ಕಳ್ಳರ ಗವಿಗೂ ಹೋಲಿಸುವ ಆ ಮಾತುಗಳನ್ನು ಓದುವುದು ಇಂದಿಗೂ ಕಷ್ಟ. ಆದರೆ ಮೊದಲ ಪ್ರವಚನದಲ್ಲಿಯೇ ಅವನು ಹೇಳುವ ಒಂದು ಘಟನೆಯನ್ನು ಗಮನಿಸಬೇಕು. ಮೂರು ದಿನಗಳ ಹಿಂದೆ ಕ್ರೈಸ್ತನೆನಿಸಿಕೊಂಡ ಒಬ್ಬನು ಒಂದು ವ್ಯವಹಾರದ ಸಲುವಾಗಿ ಒಬ್ಬ ಕ್ರೈಸ್ತ ಹೆಂಗಸನ್ನು ಪ್ರಮಾಣ ಮಾಡಿಸಲು ಸಭಾಮಂದಿರಕ್ಕೆ ಎಳೆದೊಯ್ಯುತ್ತಿದ್ದನಂತೆ. ಇಗರ್ಜಿ ಇರುವಾಗ ಅಲ್ಲಿಗೇಕೆ ಎಂದು ಕೇಳಿದರೆ, ಅಲ್ಲಿ ಮಾಡಿದ ಪ್ರಮಾಣಕ್ಕೆ ಭಯ ಹೆಚ್ಚು ಎಂದು ಬಹಳ ಜನ ಹೇಳಿದ್ದಾರೆ ಎಂದನಂತೆ. ಅಂದರೆ ಆ ಊರಿನ ಸಾಮಾನ್ಯ ಕ್ರೈಸ್ತರಿಗೆ ಯೆಹೂದಿ ನೆರೆಯವರ ಮೇಲೆ ಗೌರವವಿತ್ತು. ಅವರ ಹಬ್ಬಗಳಿಗೆ ಹೋಗುತ್ತಿದ್ದರು, ಕಾಯಿಲೆ ಬಂದರೆ ಅವರ ಬಳಿಗೆ ಹೋಗುತ್ತಿದ್ದರು. ದ್ವೇಷ ಜನರಲ್ಲಿ ತಾನಾಗಿ ಹುಟ್ಟಲಿಲ್ಲ, ಪೀಠದ ಮೇಲಿನಿಂದ ಕಲಿಸಬೇಕಾಯಿತು. ನನ್ನ ಓದಿನಲ್ಲಿ ನನಗೆ ಅತ್ಯಂತ ನೋವು ಕೊಟ್ಟ ಸಂಗತಿ ಇದೇ.

ಸಂತ ಅಗಸ್ಟಿನನು ಬೇರೆ ದಾರಿ ಹಿಡಿದನು. ‘ಅವರನ್ನು ಕೊಲ್ಲಬೇಡ’ ಎಂದು ಬರುವ 59ನೆಯ ಕೀರ್ತನೆಯ ಆಧಾರದಿಂದ, ಯೆಹೂದ್ಯರು ಚದುರಿಹೋಗಿ ಬದುಕಬೇಕು, ನಮ್ಮ ಗ್ರಂಥಗಳು ನಿಜವೆಂಬುದಕ್ಕೆ ಸಾಕ್ಷಿಯಾಗಿ ಉಳಿಯಬೇಕು ಎಂದು ವಾದಿಸಿದನು. ಯಜಮಾನನ ಮಗನ ಹಿಂದೆ ಪುಸ್ತಕ ಹೊತ್ತು ನಡೆಯುವ ಆಳುಗಳಿಗೆ ಅವರನ್ನು ಹೋಲಿಸಿದನು. ಈ ಮಾತು ಬಹಳ ಜೀವಗಳನ್ನು ಉಳಿಸಿತು. ಕೀಳಾಗಿ ಬದುಕಿರಲಿ ಎಂಬ ತೀರ್ಪೂ ಅದರೊಳಗೇ ಇತ್ತು. 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆಯು ಯೆಹೂದ್ಯರು ಬೇರೆಯೇ ಆಗಿ ಕಾಣುವಂಥ ಉಡುಪು ಧರಿಸಬೇಕು ಎಂದದ್ದು ಅದರ ಮುಂದುವರಿಕೆಯೇ.

ಸ್ಟ್ರಾಸ್‌ಬರ್ಗ್ ಮಹಾ ದೇವಾಲಯದ ದಕ್ಷಿಣ ಬಾಗಿಲಿಗೆ ಸುಮಾರು 1230ರಲ್ಲಿ ಎರಡು ಸ್ತ್ರೀ ಶಿಲ್ಪಗಳನ್ನು ಕಡೆದು ನಿಲ್ಲಿಸಿದರು. ಒಬ್ಬಳು ಕಿರೀಟ ಧರಿಸಿ ಶಿಲುಬೆ ಹಿಡಿದ ಕ್ರೈಸ್ತ ಸಭೆ. ಇನ್ನೊಬ್ಬಳು ಯೆಹೂದಿ ಧರ್ಮ: ಕಣ್ಣಿಗೆ ಬಟ್ಟೆ ಕಟ್ಟಿದೆ, ಈಟಿ ಹಲವು ಕಡೆ ಮುರಿದಿದೆ, ಆಜ್ಞೆಯ ಶಾಸನ ಕೈಯಿಂದ ಜಾರುತ್ತಿದೆ, ತಲೆ ಬಾಗಿದೆ. ಆ ಕಣ್ಣುಪಟ್ಟಿ ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ ಮೂರನೆಯ ಅಧ್ಯಾಯದಿಂದ, ಮೋಶೆಯ ಗ್ರಂಥವನ್ನು ಓದುವಾಗ ಅವರ ಹೃದಯದ ಮೇಲೆ ಮುಸುಕು ಇದೆ ಎಂಬ ಮಾತಿನಿಂದ ಬಂದದ್ದು. ಅಕ್ಷರ ಬಾರದವರೂ ದಿನಾ ಆ ಬಾಗಿಲಲ್ಲಿ ಅದನ್ನು ‘ಓದಿದರು’. 1349ರ ಫೆಬ್ರವರಿ 14ರಂದು, ಪ್ಲೇಗು ಇನ್ನೂ ಊರಿಗೆ ಬರುವ ಮೊದಲೇ, ಬಾವಿಗಳಿಗೆ ವಿಷ ಹಾಕಿದರೆಂಬ ಸುಳ್ಳು ಸುದ್ದಿಯ ಮೇಲೆ ಅದೇ ನಗರದಲ್ಲಿ ನೂರಾರು ಯೆಹೂದ್ಯರನ್ನು ಸುಟ್ಟರು. ಯೆಹೂದ್ಯರೂ ಇದೇ ರೋಗದಿಂದ ಸಾಯುತ್ತಿದ್ದಾರೆ, ಆಪಾದನೆ ಸುಳ್ಳು ಎಂದು ಪೋಪ್ ಆರನೆಯ ಕ್ಲೆಮೆಂಟರು ಹಿಂದಿನ ವರ್ಷವೇ ಬರೆದಿದ್ದರು. ಯಾರೂ ಕೇಳಲಿಲ್ಲ.

ಇದಕ್ಕಿಂತ ಕ್ರೂರವಾದ ಸುಳ್ಳು ಇನ್ನೊಂದಿದೆ. 1144ರಲ್ಲಿ ಇಂಗ್ಲೆಂಡಿನ ನಾರ್ವಿಚ್‌ನಲ್ಲಿ ವಿಲಿಯಂ ಎಂಬ ಹುಡುಗನ ಶವ ಸಿಕ್ಕಿತು. ಕ್ರಿಸ್ತನನ್ನು ಅಣಕಿಸಲು ಯೆಹೂದ್ಯರು ಅವನನ್ನು ಕೊಂದರೆಂದು ಒಬ್ಬ ಸನ್ಯಾಸಿ ಪುಸ್ತಕ ಬರೆದನು. ಮುಂದೆ ಇದು, ಪಸ್ಕಹಬ್ಬದ ರೊಟ್ಟಿಗೆ ಕ್ರೈಸ್ತ ಮಕ್ಕಳ ರಕ್ತ ಬೇಕೆಂಬ ಕಥೆಯಾಗಿ ಬೆಳೆಯಿತು. ಈ ಕಥೆಯನ್ನು ನಂಬಿದವರು ಒಂದು ಯೆಹೂದಿ ಅಡುಗೆಮನೆಯನ್ನು ಹೊಕ್ಕು ನೋಡಿದ್ದರೆ ಸಾಕಾಗಿತ್ತು. ಯಾಜಕಕಾಂಡದ 17ನೆಯ ಅಧ್ಯಾಯ ರಕ್ತ ಸೇವನೆಯನ್ನು ಪೂರ್ತಿಯಾಗಿ ನಿಷೇಧಿಸುತ್ತದೆ. ಆ ಕಾರಣ ಮಾಂಸವನ್ನು ಮೊದಲು ನೀರಿನಲ್ಲಿ ನೆನೆಸಿ, ಮೇಲೆ ಕೆಳಗೆ ಹರಳುಪ್ಪು ಹಚ್ಚಿ, ಸುಮಾರು ಒಂದು ಗಂಟೆ ಇಳಿಜಾರು ಹಲಗೆಯ ಮೇಲಿಟ್ಟು ರಕ್ತ ಬಸಿದುಹೋಗುವಂತೆ ಮಾಡಿ, ಮತ್ತೆ ಮತ್ತೆ ತೊಳೆದ ನಂತರವೇ ಬೇಯಿಸುತ್ತಾರೆ. ಮೊಟ್ಟೆಯಲ್ಲಿ ಒಂದು ರಕ್ತದ ಚುಕ್ಕೆ ಕಂಡರೂ ಅದನ್ನು ಎಸೆಯುವ ಜನರ ಮೇಲೆ ಈ ಆಪಾದನೆ ಬಂತು! 1247ರಲ್ಲಿ ಪೋಪ್ ನಾಲ್ಕನೆಯ ಇನೊಸೆಂಟರು ಅದನ್ನು ಖಂಡಿಸಿದರು. ಆದರೂ 1475ರಲ್ಲಿ ಇಟಲಿಯ ಟ್ರೆಂಟ್‌ನಲ್ಲಿ ಸೈಮನ್ ಎಂಬ ಮಗುವಿನ ಸಾವಿಗಾಗಿ ಯೆಹೂದ್ಯರನ್ನು ಚಿತ್ರಹಿಂಸೆ ಕೊಟ್ಟು ಕೊಂದರು. ಆ ಮಗುವಿನ ಆರಾಧನೆ ರದ್ದಾದದ್ದು 1965ರಲ್ಲಿ.

ಪ್ರೊಟೆಸ್ಟೆಂಟ್ ಬಂಧುಗಳೂ ಇದನ್ನು ಓದುತ್ತಿರಬಹುದಾದ್ದರಿಂದ ಹೇಳುತ್ತೇನೆ: 1523ರಲ್ಲಿ ಯೇಸು ಯೆಹೂದ್ಯನಾಗಿ ಹುಟ್ಟಿದನೆಂದು ಪ್ರೀತಿಯಿಂದ ಬರೆದ ಮಾರ್ಟಿನ್ ಲೂಥರನೇ, ಅವರು ಮತಾಂತರವಾಗದಿದ್ದುದನ್ನು ಕಂಡು, 1543ರಲ್ಲಿ ಅವರ ಸಭಾಮಂದಿರಗಳನ್ನು ಸುಡಬೇಕು, ಪ್ರಾರ್ಥನಾ ಪುಸ್ತಕಗಳನ್ನು ಕಿತ್ತುಕೊಳ್ಳಬೇಕು ಎಂದು ಬರೆದನು. 1946ರಲ್ಲಿ ನ್ಯೂರೆಂಬರ್ಗ್ ನ್ಯಾಯಾಲಯದಲ್ಲಿ ನಾತ್ಸಿ ಪತ್ರಿಕೆಯ ಸಂಪಾದಕ ಸ್ಟ್ರೈಕರ್ ತನ್ನ ರಕ್ಷಣೆಗೆ ಲೂಥರನ ಹೆಸರನ್ನೇ ಎತ್ತಿದನು.

ಮೂರನೆಯ ಉತ್ತರ

ಇಷ್ಟೆಲ್ಲ ಓದಿದ ಮೇಲೂ ನನಗೊಂದು ಆಕ್ಷೇಪಣೆಯಿದೆ. ದ್ವೇಷದ ನಿಜವಾದ ಕಾರಣ ಸಾಲ ಮತ್ತು ಬಡ್ಡಿಯಲ್ಲವೇ? ಧರ್ಮಗ್ರಂಥವನ್ನು ಮೇಲಿನ ಹೊದಿಕೆಯಾಗಿ ಬಳಸಿರಬಹುದು. ಹಿಟ್ಲರನಿಗೂ ಧರ್ಮಕ್ಕಿಂತ ಜನಾಂಗದ ಮಾತೇ ಮುಖ್ಯವಾಗಿತ್ತು.

ಎರಡನೆಯ ಉತ್ತರ ಬರೆದವರು

ತಮ್ಮ ಆಕ್ಷೇಪಣೆ ಯೋಗ್ಯವಾದದ್ದೇ. ಆದರೆ ಬಡ್ಡಿಯ ಕಥೆಯೂ ಗ್ರಂಥದಿಂದಲೇ ಆರಂಭವಾಗುತ್ತದೆ. ಸ್ವದೇಶದವನಿಂದ ಬಡ್ಡಿ ಕೂಡದು, ಅನ್ಯನಿಂದ ತೆಗೆದುಕೊಳ್ಳಬಹುದು ಎಂದು ಧರ್ಮೋಪದೇಶಕಾಂಡದ 23ನೆಯ ಅಧ್ಯಾಯ ಹೇಳುತ್ತದೆ. ಕ್ರೈಸ್ತ ಸಭೆ ಕ್ರೈಸ್ತರಿಗೆ ಬಡ್ಡಿಯನ್ನು ನಿಷೇಧಿಸಿತು. ಭೂಮಿಯೂ ಕುಶಲಕರ್ಮಿಗಳ ಸಂಘಗಳೂ ಯೆಹೂದ್ಯರಿಗೆ ಮುಚ್ಚಿದ್ದವು. ಸಾಲ ಬೇಕಾದ ಅರಸರು ಅವರನ್ನು ಆ ಕೆಲಸಕ್ಕೆ ತಳ್ಳಿ, ಅವರು ಗಳಿಸಿದ್ದನ್ನು ತೆರಿಗೆಯಾಗಿ ಹಿಂಡಿದರು.

1190ರ ಮಾರ್ಚ್ ತಿಂಗಳಿನಲ್ಲಿ ಇಂಗ್ಲೆಂಡಿನ ಯಾರ್ಕ್‌ನಲ್ಲಿ ನಡೆದದ್ದನ್ನು ನೋಡಿ. ಧರ್ಮಯುದ್ಧದ (ಕ್ರುಸೇಡ್) ಉನ್ಮಾದದ ಆ ದಿನಗಳಲ್ಲಿ ಸುಮಾರು 150 ಮಂದಿ ಯೆಹೂದ್ಯರು ಕೋಟೆಯ ಗೋಪುರದಲ್ಲಿ ಆಶ್ರಯ ಪಡೆದಿದ್ದರು. ಹೊರಗಿನ ಗುಂಪಿನ ಕೈಗೆ ಸಿಕ್ಕುವುದಕ್ಕಿಂತ ಮೇಲೆಂದು ಹೆಚ್ಚಿನವರು ತಮ್ಮವರ ಕೈಯಿಂದಲೇ ಪ್ರಾಣ ಬಿಟ್ಟರು. ದೀಕ್ಷಾಸ್ನಾನ ಪಡೆಯುತ್ತೇವೆಂದು ಹೊರಬಂದವರನ್ನು ಗುಂಪು ಕೊಂದಿತು. ನಂತರ ಆ ಗುಂಪಿನ ಮುಖಂಡರು ಹೋದದ್ದು ನೇರವಾಗಿ ಮಹಾ ದೇವಾಲಯಕ್ಕೆ. ಅಲ್ಲಿ ಇಟ್ಟಿದ್ದ ತಮ್ಮ ಸಾಲಪತ್ರಗಳನ್ನು ತೆಗೆದು ಅಲ್ಲಿಯೇ ಸುಟ್ಟರು. ಸಾಲಗಾರನಿಗೆ ಸಾಲ ತೀರಿಸದಿರುವ ಆಸೆ ಎಲ್ಲ ಊರಿನಲ್ಲೂ ಇರುತ್ತದೆ. ಕೊಂದರೂ ಪಾಪವಿಲ್ಲ ಎಂಬ ಧೈರ್ಯವನ್ನು ಅವನಿಗೆ ಕೊಟ್ಟವರು ಯಾರು ಎಂಬುದೇ ಇಲ್ಲಿನ ಪ್ರಶ್ನೆ.

ಜನಾಂಗದ ವಿಚಾರವೂ ಹಾಗೆಯೇ. ಯೆಹೂದಿ ದ್ವೇಷಕ್ಕೆ ಹೇಳುವ ‘ಆಂಟಿಸೆಮಿಟಿಸಂ’ ಎಂಬ ಪದವನ್ನು 1879ರಲ್ಲಿ ವಿಲ್ಹೆಲ್ಮ್ ಮಾರ್ ಪ್ರಚಾರಕ್ಕೆ ತಂದದ್ದು ನಿಜ. ಆದರೆ 1449ರಲ್ಲಿಯೇ ಸ್ಪೇನಿನ ಟೊಲೆಡೊ ನಗರವು ಕ್ರೈಸ್ತರಾಗಿದ್ದ ಯೆಹೂದಿ ಮೂಲದವರನ್ನೂ ‘ರಕ್ತ ಶುದ್ಧವಿಲ್ಲ’ ಎಂದು ಅಧಿಕಾರದ ಹುದ್ದೆಗಳಿಂದ ಹೊರಗಿಟ್ಟಿತ್ತು. ಇದು ನಮ್ಮ ಪಶ್ಚಿಮ ಕರಾವಳಿಗೂ ಬಂದ ಪಿಡುಗು. ಇಲ್ಲಿನ ಗಿಡಮೂಲಿಕೆಗಳ ಕುರಿತ ಗ್ರಂಥವನ್ನು 1563ರಲ್ಲಿ ಗೋವೆಯಲ್ಲಿ ಅಚ್ಚು ಹಾಕಿಸಿದ ಪೋರ್ಚುಗೀಸ್ ವೈದ್ಯ ಗಾರ್ಸಿಯ ದ ಓರ್ತಾ ಅಂಥ ಕುಟುಂಬದವನು. 1569ರಲ್ಲಿ ಅವನ ತಂಗಿಯನ್ನು ಗೋವೆಯ ಇನ್‌ಕ್ವಿಸಿಷನ್, ಅಂದರೆ ಧರ್ಮಸಭೆಯ ಮತವಿಚಾರಣಾ ನ್ಯಾಯಾಲಯ, ಸುಟ್ಟಿತು. 1580ರಲ್ಲಿ ಅವನ ಮೂಳೆಗಳನ್ನೂ ಗೋರಿಯಿಂದ ತೆಗೆಸಿ ಸುಟ್ಟಿತು. ಅದಕ್ಕೂ ನಾಲ್ಕು ಶತಮಾನ ಹಿಂದೆ, 1132ರಿಂದ 1149ರವರೆಗೆ, ಟುನೀಸಿಯಾ ಮೂಲದ ಯೆಹೂದಿ ವರ್ತಕ ಅಬ್ರಹಾಂ ಬೆನ್ ಯಿಜು ನಮ್ಮ ಮಂಗಳೂರಿನಲ್ಲಿಯೇ ನೆಲೆಸಿ, ಇಲ್ಲಿನವಳಾದ ಆಶು ಎಂಬವಳೊಡನೆ ಸಂಸಾರ ನಡೆಸಿ ವ್ಯಾಪಾರ ಮಾಡಿಕೊಂಡಿದ್ದನು.

ನಾಲ್ಕನೆಯ ಉತ್ತರ

ಕುರ್‌ಆನ್ ಓದುವವನಾಗಿ ನನ್ನ ಮನೆಯ ಮಾತನ್ನೂ ಇಲ್ಲಿ ಸೇರಿಸುವುದು ನನ್ನ ಕರ್ತವ್ಯ ಎಂದು ಭಾವಿಸುತ್ತೇನೆ. ಐದನೆಯ ಅಧ್ಯಾಯದ 82ನೆಯ ಸೂಕ್ತದಂಥ ಕಟುವಾದ ಮಾತುಗಳು ನಮ್ಮಲ್ಲಿಯೂ ಇವೆ. ಮದೀನಾದಲ್ಲಿ ಯೆಹೂದಿ ಬುಡಕಟ್ಟುಗಳೊಂದಿಗೆ ಒಡಂಬಡಿಕೆ ಮುರಿದು ಯುದ್ಧವಾದ ಕಾಲದ ನೆರಳು ಅವುಗಳ ಮೇಲಿದೆ. ಅದೇ ಅಧ್ಯಾಯದ 44ನೆಯ ಸೂಕ್ತ ತೌರಾತಿನಲ್ಲಿ (ಮೋಶೆಯ ಗ್ರಂಥದಲ್ಲಿ) ಮಾರ್ಗದರ್ಶನವೂ ಬೆಳಕೂ ಇದೆ ಎನ್ನುತ್ತದೆ. ಮೂರನೆಯ ಅಧ್ಯಾಯದ 113ನೆಯ ಸೂಕ್ತ ಅವರೆಲ್ಲರೂ ಒಂದೇ ತೆರನಲ್ಲ ಎನ್ನುತ್ತದೆ. ಈಸಾ ಪ್ರವಾದಿಯನ್ನು (ಯೇಸುವನ್ನು) ಅವರು ಕೊಲ್ಲಲೂ ಇಲ್ಲ, ಶಿಲುಬೆಗೇರಿಸಲೂ ಇಲ್ಲ ಎಂದು ನಾಲ್ಕನೆಯ ಅಧ್ಯಾಯದ 157ನೆಯ ಸೂಕ್ತ ಹೇಳುವುದರಿಂದ, ದೇವರನ್ನು ಕೊಂದವರು ಎಂಬ ಆಪಾದನೆಗೆ ಇಸ್ಲಾಮಿನಲ್ಲಿ ನೆಲೆಯೇ ಇಲ್ಲ.

ಆದರೂ ಇತಿಹಾಸ ನಿಷ್ಕಳಂಕವಾಗಿಲ್ಲ. ‘ಗ್ರಂಥದವರು’ ಎಂಬ ರಕ್ಷಣೆಯ ಜೊತೆಗೆ ಜಿಝಿಯಾ ತೆರಿಗೆಯೂ ಕೀಳು ಸ್ಥಾನವೂ ಇದ್ದವು. 1066ರಲ್ಲಿ ಗ್ರನಾಡಾದಲ್ಲಿ ಹತ್ಯಾಕಾಂಡವಾಯಿತು. ಮಹಾ ಯೆಹೂದಿ ವಿದ್ವಾಂಸ ಮೈಮೋನಿಡೀಸ್ ಅಲ್ಮೊಹದ್ ಎಂಬ ಮುಸ್ಲಿಂ ಅರಸರ ಕಾಟಕ್ಕೆ ಊರು ಬಿಡಬೇಕಾಯಿತು. ಕೊನೆಗೆ ಅವನಿಗೆ ನೆಲೆ ಸಿಕ್ಕಿದ್ದು ಮುಸ್ಲಿಮರೇ ಆಳುತ್ತಿದ್ದ ಈಜಿಪ್ಟಿನಲ್ಲಿ. ಮೇಲೆ ಹೇಳಿದ ರಕ್ತದ ಸುಳ್ಳು 1840ರಲ್ಲಿ ದಮಾಸ್ಕಸ್ಸಿಗೆ ಬಂದದ್ದು ಒಬ್ಬ ಕ್ರೈಸ್ತ ಸನ್ಯಾಸಿ ಕಾಣೆಯಾದ ಪ್ರಕರಣದಿಂದ; ಅದೇ ವರ್ಷ ಆಟೊಮನ್ ಸುಲ್ತಾನ ಅಬ್ದುಲ್ ಮಜೀದ್ ಆ ಆಪಾದನೆ ಸುಳ್ಳೆಂದು ಫರ್ಮಾನು ಹೊರಡಿಸಿದನು. ಇಂದು ಅದೇ ಸುಳ್ಳನ್ನು ನಮ್ಮವರೇ ಕೆಲವರು ಹಂಚುವುದನ್ನು ಕಂಡಾಗ ನನಗೆ ನಾಚಿಕೆಯಾಗುತ್ತದೆ. ಹಮಾಸ್ 1988ರ ತನ್ನ ಸನ್ನದಿನಲ್ಲಿ ಒಂದು ಹದೀಸನ್ನೂ (ಪ್ರವಾದಿಯ ಮಾತೆಂದು ಹೇಳಲಾಗುವ ಉಕ್ತಿ), ಯೆಹೂದ್ಯರು ಜಗತ್ತನ್ನೇ ಆಳಲು ಸಂಚು ಹೂಡಿದ್ದಾರೆನ್ನುವ, ರಷ್ಯಾದಲ್ಲಿ ಹುಟ್ಟಿದ ‘ಪ್ರೊಟೊಕಾಲ್ಸ್’ ಎಂಬ ಖೋಟಾ ಬರಹವನ್ನೂ ಒಟ್ಟೊಟ್ಟಿಗೆ ಆಧಾರವಾಗಿ ಕೊಟ್ಟಿದೆ. ಇಸ್ರೇಲ್ ಸರ್ಕಾರದ ನೀತಿಯನ್ನು ನಾನು ಕಟುವಾಗಿ ಟೀಕಿಸುವವನು. ಆ ಟೀಕೆಗೆ ಈ ಸುಳ್ಳುಗಳ ಆಸರೆ ಬೇಕಾಗಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಎರಡು ದಿನ ನಿದ್ದೆ ಸರಿಯಾಗಿ ಬರಲಿಲ್ಲ ಎಂಬುದನ್ನು ಮುಚ್ಚಿಡುವುದಿಲ್ಲ. ಒಂದೇ ಒಂದು ವಿಷಯ ತಿಳಿಯಬೇಕಾಗಿದೆ. ಧರ್ಮಸಭೆ ಇದನ್ನು ತಿದ್ದಿಕೊಂಡಿದೆಯೇ? ತಿದ್ದಿಕೊಂಡಿದ್ದರೆ ನಾವು ಇಂದಿಗೂ ಅದೇ ವಾಚನವನ್ನು ಓದುತ್ತಿರುವುದು ಏಕೆ?

ಮೊದಲನೆಯ ಉತ್ತರ ಬರೆದವರು

ತಿದ್ದಿಕೊಂಡಿದೆ, ಬಹಳ ತಡವಾಗಿ. ಫ್ರಾನ್ಸಿನ ಇತಿಹಾಸಕಾರ ಜೂಲ್ಸ್ ಐಸಾಕ್ ತನ್ನ ಹೆಂಡತಿಯನ್ನೂ ಮಗಳನ್ನೂ ನಾತ್ಸಿಗಳ ಆಶ್ವಿತ್ಸ್ ಕೊಲೆ ಶಿಬಿರದಲ್ಲಿ ಕಳೆದುಕೊಂಡ ಯೆಹೂದ್ಯ. ತಲೆಮರೆಸಿಕೊಂಡಿದ್ದ ದಿನಗಳಲ್ಲಿಯೂ ಆತ ಸುವಾರ್ತೆಗಳನ್ನು ಸಾಲು ಸಾಲಾಗಿ ಓದಿ, ಅವುಗಳಲ್ಲಿ ಇರುವುದಕ್ಕೂ ಕ್ರೈಸ್ತ ಪಾಠಗಳಲ್ಲಿ ಕಲಿಸುವುದಕ್ಕೂ ಇರುವ ಅಂತರವನ್ನು ಬರೆದಿಟ್ಟನು. ಆ ಪಾಠಕ್ಕೆ ಆತ ಕೊಟ್ಟ ಹೆಸರು ‘ತಿರಸ್ಕಾರದ ಬೋಧನೆ’. 1960ರ ಜೂನ್ 13ರಂದು, 80 ದಾಟಿದ ವಯಸ್ಸಿನಲ್ಲಿ, ಆತ ಪೋಪ್ 23ನೆಯ ಜಾನರನ್ನು ಕಂಡು ತನ್ನ ಬರಹವನ್ನು ಕೈಗಿತ್ತನು. ಶುಭ ಶುಕ್ರವಾರದ ಪ್ರಾರ್ಥನೆಯಲ್ಲಿ ಯೆಹೂದ್ಯರಿಗೆ ಅಂಟಿಸಿದ್ದ, ವಿಶ್ವಾಸವಿಲ್ಲದವರು, ವಿಶ್ವಾಸಘಾತುಕರು ಎಂದು ಧ್ವನಿಸುವ ಲ್ಯಾಟಿನ್ ಪದವನ್ನು ಆ ಪೋಪರೇ 1959ರಲ್ಲಿ ತೆಗೆಸಿದ್ದರು. 1965ರ ಅಕ್ಟೋಬರ್ 28ರಂದು ಎರಡನೆಯ ವ್ಯಾಟಿಕನ್ ಮಹಾಸಭೆಯ ‘ನೋಸ್ತ್ರಾ ಏತಾತೆ’ ಘೋಷಣೆ 88 ಮತಗಳ ವಿರುದ್ಧ 2,221 ಮತಗಳಿಂದ ಅಂಗೀಕಾರವಾಯಿತು. ಯೇಸುವಿನ ಯಾತನೆಯ ಹೊಣೆಯನ್ನು ಅಂದಿನ ಎಲ್ಲ ಯೆಹೂದ್ಯರ ಮೇಲಾಗಲೀ ಇಂದಿನ ಯೆಹೂದ್ಯರ ಮೇಲಾಗಲೀ ಹೊರಿಸುವಂತಿಲ್ಲ ಎಂದು ಅದು ಹೇಳಿತು.

ವಾಚನವನ್ನು ಕೈಬಿಡಬೇಕೆಂದು ನಾನು ಹೇಳುವುದಿಲ್ಲ. ವಿವರಣೆಯಿಲ್ಲದೆ ಓದುವುದನ್ನು ಬಿಡಬೇಕು. ತಾವು ಗಮನಿಸಿರಬಹುದು: ಅದೇ ಆರಾಧನೆಯಲ್ಲಿ ವಾಚನ, ಪ್ರಬೋಧನೆಯ ನಂತರ ಬರುವ ಹತ್ತು ಪ್ರಾರ್ಥನೆಗಳಲ್ಲಿ ಆರನೆಯದು ಯೆಹೂದಿ ಜನರಿಗಾಗಿ. ದೇವರು ಮೊದಲು ಮಾತನಾಡಿದ್ದು ಅವರೊಡನೆ ಎಂದು ಆ ಪ್ರಾರ್ಥನೆ ಹೇಳುತ್ತದೆ. ಹಳೆಯ ಕಾಲದಲ್ಲಿ ಉಳಿದೆಲ್ಲ ಪ್ರಾರ್ಥನೆಗಳಿಗೆ ಮೊಣಕಾಲೂರುತ್ತಿದ್ದ ಜನ ಇದೊಂದಕ್ಕೆ ಮಾತ್ರ ಊರುತ್ತಿರಲಿಲ್ಲ. ಮಕ್ಕಳಿಗೆ ಇದನ್ನು ತೋರಿಸಿಕೊಡಬಹುದು.

ಪ್ರಶ್ನೆ ಕೇಳಿದವರು

ಆರನೆಯ ಪ್ರಾರ್ಥನೆಯನ್ನು ಇಷ್ಟು ವರ್ಷ ಕೇಳಿಯೂ ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ನಮ್ಮ ಗುರುಗಳೊಂದಿಗೆ ಮಾತನಾಡಿದ್ದೇನೆ. ಮುಂದಿನ ವರ್ಷ ವಾಚನಕ್ಕೆ ಮೊದಲು ಎರಡು ನಿಮಿಷದ ವಿವರಣೆ ಕೊಡಲು ಅವರು ಒಪ್ಪಿದ್ದಾರೆ. ಈ ಭಾನುವಾರ ತರಗತಿಯಲ್ಲಿ ಯೋಹಾನನ ಒಂಬತ್ತನೆಯ ಅಧ್ಯಾಯವನ್ನು ಪಾತ್ರ ಹಂಚಿ ಓದಿಸುತ್ತೇನೆ. ಕುರುಡನ ತಂದೆಯ ಮಾತನ್ನು ಆ ಹುಡುಗನೇ ಓದಲಿದ್ದಾನೆ.